ಹುಡುಕಿದ ಪದ ಎಲ್ಲಿ ಹೋಯಿತು? ಸೈಟ್ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಸರ್ಚ್ ಎಂಜಿನ್‌ನಿಂದ ಜನ ಬರುತ್ತಿದ್ದಾರೆ, ಆದರೆ ಏನನ್ನು ಹುಡುಕಿ ಬಂದರು ಎಂಬುದು ಕಾಣುತ್ತಿಲ್ಲ ಎಂಬ ಚಿಂತೆ ಈ ಬಾರಿಯ ಹೆಚ್ಚಿನ ಪತ್ರಗಳಲ್ಲಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸೈಟಿನ ಅನಲಿಟಿಕ್ಸ್ (ಭೇಟಿಗಳನ್ನು ಎಣಿಸುವ ಸಾಫ್ಟ್‌ವೇರ್) ವರದಿಯಲ್ಲಿ ಕೀವರ್ಡ್, ಅಂದರೆ ಹುಡುಕಿದ ಪದ, ಇರಬೇಕಾದ ಕಡೆ ‘ನಾಟ್ ಪ್ರೊವೈಡೆಡ್’ ಎಂದಷ್ಟೇ ಬರುತ್ತದೆ. ಕೋಡ್ ಹಾಕುವಾಗಲೇ ತಪ್ಪಾಗಿದೆಯೇ? ಸರಿಪಡಿಸುವುದು ಹೇಗೆ?

ಕೋಡಿನಲ್ಲಿ ತಪ್ಪಿಲ್ಲ. ಆ ಪದ ನಿಮ್ಮ ಸೈಟಿನವರೆಗೆ ಬರುವುದೇ ಇಲ್ಲವಾದ್ದರಿಂದ ನಿಮ್ಮ ಕಡೆ ಸರಿಪಡಿಸುವಂಥದ್ದೂ ಏನಿಲ್ಲ. ಮಟೊಮೊ ಎಂಬ ಅನಲಿಟಿಕ್ಸ್ ಸಾಫ್ಟ್‌ವೇರ್ ಬಳಸುವವರಿಗೆ ಇದೇ ಜಾಗದಲ್ಲಿ ‘ಕೀವರ್ಡ್ ನಾಟ್ ಡಿಫೈನ್ಡ್’ ಎಂದು ಕಾಣುತ್ತದೆ. ಕಾರಣ ಒಂದೇ.

ಯಾರಾದರೂ ಲಿಂಕ್ ಒತ್ತಿದಾಗ ಬ್ರೌಸರ್ ಹೊಸ ಪುಟವನ್ನು ಕೇಳುವುದರ ಜೊತೆಗೆ, ತಾನು ಯಾವ ಪುಟದಿಂದ ಬಂದೆ ಎಂಬ ವಿಳಾಸವನ್ನೂ ಕಳಿಸುತ್ತದೆ. ಅದಕ್ಕೆ ರೆಫರರ್ ಎಂದು ಹೆಸರು. ಹುಡುಕಿದ ಪದ ಫಲಿತಾಂಶ ಪುಟದ ವಿಳಾಸದೊಳಗೇ ಸೇರಿರುತ್ತದೆ. ಹಾಗಾಗಿ ಪೂರ್ತಿ ವಿಳಾಸ ಬರುತ್ತಿದ್ದ ಕಾಲದಲ್ಲಿ ಪದವೂ ಅದರ ಜೊತೆ ಬರುತ್ತಿತ್ತು. ಅನಲಿಟಿಕ್ಸ್ ಸಾಫ್ಟ್‌ವೇರ್ ಮಾಡುತ್ತಿದ್ದುದು ಅದನ್ನು ವಿಳಾಸದಿಂದ ಬಿಡಿಸಿ ತೋರಿಸುವ ಕೆಲಸವನ್ನಷ್ಟೇ.

2011ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಖಾತೆಗೆ ಲಾಗಿನ್ ಆದವರ ಹುಡುಕಾಟವನ್ನು ಎಚ್‌ಟಿಟಿಪಿಎಸ್‌ಗೆ (ನಡುವೆ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಸಾಗುವ ಸಂಪರ್ಕಕ್ಕೆ) ಬದಲಿಸುವುದಾಗಿ ಪ್ರಕಟಿಸಿ, ರೆಫರರ್‌ನಿಂದ ಪದವನ್ನು ತೆಗೆಯತೊಡಗಿತು. 2013ರ ಸೆಪ್ಟೆಂಬರ್ ಹೊತ್ತಿಗೆ ಲಾಗಿನ್ ಆಗದವರಿಗೂ ಇದು ಅನ್ವಯಿಸಿ, ಹೆಚ್ಚುಕಡಿಮೆ ಎಲ್ಲ ಹುಡುಕಾಟಗಳ ಪದವೂ ಮರೆಯಾಯಿತು. 2014ರಲ್ಲಿ ಯಾಹೂ, 2015ರಲ್ಲಿ ಬಿಂಗ್ ಎಚ್‌ಟಿಟಿಪಿಎಸ್ ಕಡೆಗೆ ಹೊರಳಿದವು. ಜಾಹೀರಾತಿನ ಕ್ಲಿಕ್‌ಗಳಲ್ಲಿ ಮಾತ್ರ ಗೂಗಲ್ 2014ರ ಏಪ್ರಿಲ್‌ವರೆಗೂ ಪದವನ್ನು ದಾಟಿಸುತ್ತಲೇ ಇತ್ತು. ಹುಡುಕುವವರ ಗೌಪ್ಯತೆಯೇ ಕಾರಣವಾಗಿದ್ದರೆ ದುಡ್ಡು ಕೊಟ್ಟವರಿಗೆ ವಿನಾಯಿತಿ ಏಕೆ ಎಂದು ಆಗ ಎದ್ದ ಆಕ್ಷೇಪ ನ್ಯಾಯವಾದದ್ದೇ.

ಆಮೇಲೆ ಬ್ರೌಸರ್‌ಗಳೂ ಬಾಗಿಲು ಬಿಗಿಮಾಡಿದವು. 2020ರಲ್ಲಿ ಬಂದ ಕ್ರೋಮ್ 85 ಮತ್ತು 2021ರಲ್ಲಿ ಬಂದ ಫೈರ್‌ಫಾಕ್ಸ್ 87ರಿಂದೀಚೆಗೆ, ಕಳಿಸುವ ಸೈಟ್ ಬೇರೆ ನೀತಿಯನ್ನು ಗೊತ್ತುಮಾಡದಿದ್ದರೆ ಇನ್ನೊಂದು ಸೈಟಿಗೆ ಹೋಗುವ ರೆಫರರ್‌ನಲ್ಲಿ ಡೊಮೇನ್ ಹೆಸರಷ್ಟೇ ಇರುತ್ತದೆ. ಪುಟದ ವಿಳಾಸವಾಗಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವಾಗಲಿ ಬರುವುದಿಲ್ಲ. ಸರ್ವರ್ ಲಾಗ್ ತೆರೆದು ನೋಡಿದರೂ ಸಿಗುವುದು ಗೂಗಲ್‌ನ ಡೊಮೇನ್ ಮಾತ್ರ.

ಇದನ್ನು ನಷ್ಟವೆಂದಷ್ಟೇ ಎಣಿಸುವುದು ಸರಿಯಲ್ಲ. ಜನ ಹುಡುಕುಪೆಟ್ಟಿಗೆಯಲ್ಲಿ ಕಾಯಿಲೆ, ಸಾಲ, ಸಂಸಾರದ ಕಷ್ಟಗಳನ್ನು ಬರೆಯುತ್ತಾರೆ. ಒತ್ತಿದ ಪ್ರತಿ ಲಿಂಕಿನ ಮಾಲೀಕನಿಗೂ, ಎಚ್‌ಟಿಟಿಪಿಯಲ್ಲಿ ಸಾಗುವಾಗ ನಡುವಿನ ಜಾಲದಲ್ಲಿ ಇಣುಕಿದವರಿಗೂ ಆ ಮಾತು ತಲುಪಬೇಕಾದ ಅಗತ್ಯ ಎಂದೂ ಇರಲಿಲ್ಲ.

ಪ್ರಶ್ನೆ: ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸೇವೆ) ಮೇಲೆ ಕಾಣುವ ಒಟ್ಟು ಕ್ಲಿಕ್‌ಗಳಿಗೂ ಕೆಳಗಿನ ಪಟ್ಟಿಯಲ್ಲಿರುವ ಪದಗಳ ಕ್ಲಿಕ್‌ಗಳನ್ನು ಕೂಡಿದಾಗ ಬರುವ ಮೊತ್ತಕ್ಕೂ ತಾಳೆಯಾಗುತ್ತಿಲ್ಲ. ಅರ್ಧದಷ್ಟು ಕ್ಲಿಕ್‌ಗಳು ಎಲ್ಲಿ ಹೋದವು?

ಈ ವ್ಯತ್ಯಾಸಕ್ಕೆ ಎರಡು ಬೇರೆಬೇರೆ ಕಾರಣಗಳಿವೆ. ಅವನ್ನು ಬಿಡಿಸಿ ನೋಡದೆ ಯಾವ ನಿರ್ಧಾರಕ್ಕೂ ಬರಬೇಡಿ.

ಮೊದಲನೆಯದು ಗೌಪ್ಯತೆಗಾಗಿ ಮರೆಮಾಡಿದ ಪದಗಳು. ಎರಡು ಮೂರು ತಿಂಗಳ ಅವಧಿಯಲ್ಲಿ ಕೆಲವು ಡಜನ್‌ಗಿಂತ ಹೆಚ್ಚು ಬಳಕೆದಾರರು ಕೇಳಿರದ ಹುಡುಕಾಟವನ್ನು ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ. ಆದರೆ ಅದರಿಂದ ಬಂದ ಕ್ಲಿಕ್ ಒಟ್ಟು ಲೆಕ್ಕದಲ್ಲಿ ಸೇರಿರುತ್ತದೆ. ಎರಡನೆಯದು ಸಾಲುಗಳ ಮಿತಿ: ಪರದೆಯ ಮೇಲಿನ ಪಟ್ಟಿ 1,000 ಸಾಲಿಗೆ ನಿಲ್ಲುತ್ತದೆ.

ಎಷ್ಟು ಮರೆಯಾಗಿದೆ ಎಂದು ತಿಳಿಯಲು ಪರ್ಫಾರ್ಮೆನ್ಸ್ ವರದಿ ತೆರೆದು ಮೂರು ತಿಂಗಳ ಅವಧಿ ಆರಿಸಿ, ಒಟ್ಟು ಕ್ಲಿಕ್ ಬರೆದಿಟ್ಟುಕೊಳ್ಳಿ. ಈಗ ಕ್ವೆರಿ (ಹುಡುಕಿದ ಪದ) ಫಿಲ್ಟರ್‌ನಲ್ಲಿ ‘ನಾಟ್ ಕಂಟೇನಿಂಗ್’ ಆರಿಸಿ, ಯಾರೂ ಎಂದೂ ಹುಡುಕಿರಲಾರದ ಅರ್ಥವಿಲ್ಲದ ಅಕ್ಷರಗುಚ್ಛವೊಂದನ್ನು ಕೊಡಿ. ತರ್ಕದ ಪ್ರಕಾರ ಒಟ್ಟು ಬದಲಾಗಬಾರದು, ಆದರೂ ಇಳಿಯುತ್ತದೆ. ಏಕೆಂದರೆ ಕ್ವೆರಿಯ ಮೇಲೆ ಯಾವ ಫಿಲ್ಟರ್ ಹಾಕಿದರೂ ಮರೆಮಾಡಿದ ಪದಗಳು ಲೆಕ್ಕದಿಂದಲೇ ಹೊರಗೆ ಉಳಿಯುತ್ತವೆ. ಉದಾಹರಣೆಗೆ 4,200 ಇದ್ದದ್ದು 2,300ಕ್ಕೆ ಇಳಿದರೆ, ಸುಮಾರು 1,900 ಕ್ಲಿಕ್‌ಗಳು, ಅಂದರೆ ಶೇ 45ರಷ್ಟು, ಮರೆಯಲ್ಲಿವೆ. ಈ 2,300ಕ್ಕೂ ಪಟ್ಟಿಯನ್ನು ಕೂಡಿದಾಗ ಬರುವ ಮೊತ್ತಕ್ಕೂ ಇರುವ ಅಂತರ ಬಹುಪಾಲು ಸಾಲಿನ ಮಿತಿಯದು.

ಇಲ್ಲೇ ಹಲವರು ಎಡವುತ್ತಾರೆ. ತಮ್ಮ ಸಂಸ್ಥೆಯ ಹೆಸರಿರುವ ಹುಡುಕಾಟಗಳನ್ನು ಒಂದು ಫಿಲ್ಟರ್‌ನಿಂದ ಎಣಿಸಿ, ಅದನ್ನು ಒಟ್ಟಿನಿಂದ ಕಳೆದು, ‘ಉಳಿದವರೆಲ್ಲ ನಮ್ಮ ಹೆಸರು ಗೊತ್ತಿಲ್ಲದೆ ಬಂದವರು’ ಎಂದು ವರದಿ ಬರೆಯುತ್ತಾರೆ. ಮರೆಯಲ್ಲಿರುವುದೆಲ್ಲ ಆ ಎರಡನೇ ಗುಂಪಿಗೆ ಸೇರಿಹೋಗಿ ಅದು ಊದಿಕೊಳ್ಳುತ್ತದೆ. ಹೆಸರು ‘ಇರುವ’ ಮತ್ತು ‘ಇಲ್ಲದ’ ಎಂದು ಎರಡು ಸಲ ಫಿಲ್ಟರ್ ಹಾಕಿ, ಮರೆಯಾದದ್ದನ್ನು ಮೂರನೆಯ ಗುಂಪಾಗಿಯೇ ಇಡಿ. ಸರಾಸರಿ ಸ್ಥಾನವೂ ಫಿಲ್ಟರ್ ಹಾಕಿದೊಡನೆ ಬದಲಾಗುತ್ತದೆ. ಫಿಲ್ಟರ್ ಇರುವ ಅಂಕಿಯನ್ನು ಇಲ್ಲದ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ.

ಕನ್ನಡದಂಥ ಭಾಷೆಗಳ ಸೈಟಿನಲ್ಲಿ ಮರೆಯಾಗುವ ಪಾಲು ಹೆಚ್ಚಿರಲು ಕಾರಣವಿದೆ. ಒಂದೇ ವಿಷಯವನ್ನು ಒಬ್ಬರು ಕನ್ನಡ ಲಿಪಿಯಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ಬೇರೆ ಕಾಗುಣಿತದಲ್ಲಿ ಹುಡುಕುತ್ತಾರೆ. ಪ್ರತಿ ರೂಪವೂ ಬೇರೆ ಹುಡುಕಾಟವೆಂದು ಎಣಿಕೆಯಾಗಿ, ಹಲವು ರೂಪಗಳು ಮಿತಿಯನ್ನು ದಾಟುವುದಿಲ್ಲ. ಕಾಣಿಸುವ ರೂಪಗಳನ್ನಾದರೂ ಒಟ್ಟುಗೂಡಿಸಲು ರೆಜೆಕ್ಸ್ (ಹಲವು ರೂಪಗಳಿಗೆ ಒಟ್ಟಿಗೆ ಹೊಂದುವ ಮಾದರಿ) ಫಿಲ್ಟರ್ ಬಳಸಿ. ಎರಡೂ ಲಿಪಿಯ ರೂಪಗಳನ್ನು ನಡುವೆ ನೆಟ್ಟಗೆರೆ (|) ಹಾಕಿ ಒಂದೇ ಸಾಲಿನಲ್ಲಿ ಕೊಡಬಹುದು.

ಮರೆಮಾಡುವುದು ಅನಗತ್ಯ ಬಿಗಿತ ಎನ್ನುವವರು 2006ರ ಆಗಸ್ಟ್‌ನಲ್ಲಿ ನಡೆದದ್ದನ್ನು ಗಮನಿಸಬೇಕು. ಎಒಎಲ್ ಸಂಸ್ಥೆ ಸಂಶೋಧನೆಗೆಂದು ಸುಮಾರು 6.5 ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಕೊಟ್ಟು, ಬಹಿರಂಗಗೊಳಿಸಿತು. ಪತ್ರಕರ್ತರು ಬರೀ ಹುಡುಕಿದ ಪದಗಳ ಜಾಡು ಹಿಡಿದು ಒಬ್ಬ ವ್ಯಕ್ತಿಯ ಮನೆಯವರೆಗೆ ಹೋದರು. ಅಪರೂಪದ ಹುಡುಕಾಟವೇ ಗುರುತು ಬಿಟ್ಟುಕೊಡುವ ಹುಡುಕಾಟ.

ಪ್ರಶ್ನೆ: ಸರ್ಚ್ ಕನ್ಸೋಲ್‌ನ ಕ್ಲಿಕ್ ಒಂದು ಸಂಖ್ಯೆ, ಜಿಎ4ರ (ಗೂಗಲ್ ಅನಲಿಟಿಕ್ಸ್ 4) ಸೆಷನ್, ಅಂದರೆ ಒಂದೊಂದು ಭೇಟಿ, ಇನ್ನೊಂದು ಸಂಖ್ಯೆ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಬಹುದು, ಆದರೆ ಅವು ಎಣಿಸುವುದು ಬೇರೆಬೇರೆ ಸಂಗತಿಗಳನ್ನು. ಸರ್ಚ್ ಕನ್ಸೋಲ್ ಎಣಿಸುವುದು ಗೂಗಲ್‌ನ ಪುಟದಲ್ಲಿ ಆದ ಕ್ಲಿಕ್ಕನ್ನು. ಜಿಎ4 ಎಣಿಸುವುದು ನಿಮ್ಮ ಪುಟದಲ್ಲಿ ಅದರ ಸ್ಕ್ರಿಪ್ಟ್ ಓಡಿದರೆ ಮಾತ್ರ.

ಕ್ಲಿಕ್ ಹೆಚ್ಚು, ಸೆಷನ್ ಕಡಿಮೆ ಎಂದಾದರೆ ಮೊದಲು ನೋಡಬೇಕಾದ್ದು ಸಮ್ಮತಿ ಕೇಳುವ ಫಲಕ. ‘ಬೇಡ’ ಎಂದವರ ಭೇಟಿ ದಾಖಲಾಗದಿರುವಂತೆ ನೀವೇ ಹೊಂದಿಸಿರುತ್ತೀರಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ಗಳು, ಪುಟ ಪೂರ್ತಿ ತೆರೆಯುವ ಮುನ್ನ ಹಿಂದಿರುಗಿದವರು ಮುಂದಿನ ಕಾರಣಗಳು. ನೇರವಾಗಿ ಪಿಡಿಎಫ್‌ಗೆ ಬಂದವರೂ ಇದೇ ಸಾಲಿನವರು, ಏಕೆಂದರೆ ಪಿಡಿಎಫ್‌ನಲ್ಲಿ ಸ್ಕ್ರಿಪ್ಟ್ ಇರುವುದಿಲ್ಲ. ಸೆಷನ್ನೇ ಹೆಚ್ಚಿದ್ದರೆ ಕಾರಣ ಬೇರೆ. ಮೊದಲ ಬಾರಿ ಗೂಗಲ್‌ನಿಂದ ಬಂದವರು ಮರುದಿನ ವಿಳಾಸ ಟೈಪ್ ಮಾಡಿ ಬಂದರೂ, ಜಿಎ4 ಆ ಸೆಷನ್ನನ್ನು ಹಿಂದಿನ ಮೂಲಕ್ಕೇ ಸೇರಿಸುತ್ತದೆ. ಪುಟ ತೆರೆದಿಟ್ಟು ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಓದಲು ಶುರುಮಾಡಿದರೂ ಹೊಸ ಸೆಷನ್ ಆಗುತ್ತದೆ.

ಹೋಲಿಸುವಾಗ ಜಿಎ4ರಲ್ಲಿ ‘ಆರ್ಗ್ಯಾನಿಕ್ ಸರ್ಚ್’ (ಜಾಹೀರಾತಲ್ಲದ ಹುಡುಕಾಟ) ಎಂಬ ಇಡೀ ಚಾನೆಲ್ ಬೇಡ, ಅದರಲ್ಲಿ ಬಿಂಗ್, ಡಕ್‌ಡಕ್‌ಗೋ ಎಲ್ಲ ಸೇರಿರುತ್ತವೆ. ಮೂಲ ಗೂಗಲ್, ಮೀಡಿಯಂ (ಬಂದ ಬಗೆ) ಆರ್ಗ್ಯಾನಿಕ್ ಎಂದು ಆರಿಸಿಕೊಳ್ಳಿ. ಸರ್ಚ್ ಕನ್ಸೋಲ್‌ನ ದಿನವಾರು ಲೆಕ್ಕ ಅಮೆರಿಕದ ಪೆಸಿಫಿಕ್ ಸಮಯದ್ದು. ಹಾಗಾಗಿ ಒಂದು ದಿನಕ್ಕೆ ಒಂದು ದಿನ ಹೋಲಿಸದೆ, 28 ದಿನಗಳ ಮೊತ್ತ ಹೋಲಿಸಿ. ಕಳೆದ ಎರಡು ಮೂರು ದಿನಗಳ ಅಂಕಿ ಇನ್ನೂ ಪೂರ್ತಿ ಬಂದಿರುವುದಿಲ್ಲ, ಅವನ್ನು ಬಿಡಿ. ಒಂದೇ ಲೇಖನ ಎರಡು ವಿಳಾಸಗಳಲ್ಲಿ ತೆರೆಯುವಂತಿದ್ದರೆ ಸರ್ಚ್ ಕನ್ಸೋಲ್ ಕ್ಲಿಕ್ಕನ್ನು ಕೆನಾನಿಕಲ್, ಅಂದರೆ ಗೂಗಲ್ ಮುಖ್ಯವೆಂದು ಆರಿಸಿದ, ವಿಳಾಸದ ಲೆಕ್ಕಕ್ಕೆ ಹಾಕುತ್ತದೆ. ಜಿಎ4 ನಿಜವಾಗಿ ತೆರೆದ ವಿಳಾಸವನ್ನು ಬರೆಯುತ್ತದೆ.

ಇವೆರಡರ ಅನುಪಾತ ಪ್ರತಿ ತಿಂಗಳೂ ಹತ್ತಿರ ಹತ್ತಿರ ಒಂದೇ ಇದ್ದರೆ ನಿಮ್ಮ ವ್ಯವಸ್ಥೆ ಸರಿಯಿದೆ. ಅದು ಒಮ್ಮೆಲೇ ಮುರಿದರೆ, ಆ ವಾರ ಸೈಟಿನಲ್ಲಿ ಏನು ಬದಲಾಯಿತೆಂದು ಹುಡುಕಿ: ಹೊಸ ಥೀಮ್, ಹೊಸ ಸಮ್ಮತಿ ಫಲಕ, ಕೈತಪ್ಪಿ ಅಳಿಸಿದ ಟ್ಯಾಗ್ (ಅನಲಿಟಿಕ್ಸ್ ಕೋಡ್).

ಪ್ರಶ್ನೆ: ನಮ್ಮ ಮಳಿಗೆಯ ಸೈಟಿಗೆ ಆರ್ಡರ್ ತಂದುಕೊಡುವ ಹುಡುಕುಪದ ಯಾವುದು ಎಂದು ತಿಳಿಯಲು ಈಗ ಯಾವ ದಾರಿಯೂ ಇಲ್ಲವೇ?

‘ಈ ಪದ ಹುಡುಕಿದ ಈ ವ್ಯಕ್ತಿ ಈ ಆರ್ಡರ್ ಕೊಟ್ಟರು’ ಎಂಬ ನಂಟು ಮರಳಿ ಸಿಗುವುದಿಲ್ಲ. ಪದ ಒಂದು ಕಡೆ, ಆರ್ಡರ್ ಇನ್ನೊಂದು ಕಡೆ. ಎರಡರಲ್ಲೂ ಸಮಾನವಾಗಿ ಉಳಿದಿರುವುದು ಜನ ಬಂದಿಳಿದ ಪುಟ, ಅಂದರೆ ಲ್ಯಾಂಡಿಂಗ್ ಪುಟ. ಇನ್ನು ಮುಂದೆ ನಿಮ್ಮ ಲೆಕ್ಕವೆಲ್ಲ ಪುಟದ ಮೇಲೆ ನಿಲ್ಲಬೇಕು.

ಜಿಎ4ರ ಅಡ್ಮಿನ್‌ನಲ್ಲಿ ಪ್ರಾಡಕ್ಟ್ ಲಿಂಕ್ಸ್ ಅಡಿ ಸರ್ಚ್ ಕನ್ಸೋಲ್ ಲಿಂಕ್ಸ್ ತೆರೆದು ಎರಡನ್ನೂ ಜೋಡಿಸಿ. ಜೋಡಿಸಿದ ಮೇಲೂ ವರದಿ ಕಾಣಿಸುತ್ತಿಲ್ಲ ಎಂದು ಹಲವರು ಬರೆದಿದ್ದಾರೆ. ರಿಪೋರ್ಟ್ಸ್ ಕೆಳಗಿನ ಲೈಬ್ರರಿಗೆ ಹೋಗಿ ಸರ್ಚ್ ಕನ್ಸೋಲ್ ಸಂಗ್ರಹವನ್ನು ‘ಪಬ್ಲಿಷ್’ ಮಾಡಿದರೆ ಎಡಗಡೆಯ ಪಟ್ಟಿಯಲ್ಲಿ ಬರುತ್ತದೆ. ಲೈಬ್ರರಿಯೇ ಕಾಣದಿದ್ದರೆ ನಿಮಗೆ ಎಡಿಟರ್ ಅಥವಾ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲ ಎಂದರ್ಥ. ಅಲ್ಲಿ ಲ್ಯಾಂಡಿಂಗ್ ಪುಟದ ವರದಿಯಲ್ಲಿ ಕ್ಲಿಕ್ ಮತ್ತು ಸೆಷನ್ ಪಕ್ಕಪಕ್ಕದಲ್ಲಿರುತ್ತವೆ. ಕ್ವೆರಿಗಳ ವರದಿಯಲ್ಲಿ ಮಾತ್ರ ಆರ್ಡರ್ ಸೇರಿಸಲಾಗದು.

ಈಗ ಅತಿ ಹೆಚ್ಚು ಆರ್ಡರ್ ತರುವ ಹತ್ತು ಪುಟಗಳನ್ನು ಆರಿಸಿ. ಒಂದೊಂದು ಪುಟವನ್ನೂ ಸರ್ಚ್ ಕನ್ಸೋಲ್‌ನಲ್ಲಿ ಪೇಜ್ ಫಿಲ್ಟರ್ ಆಗಿ ಕೊಟ್ಟು, ಅದಕ್ಕೆ ಬಂದ ಪದಗಳನ್ನು ನೋಡಿ. ಒಂದು ಪುಟಕ್ಕೆ 300 ಕ್ಲಿಕ್, 12 ಆರ್ಡರ್ ಇವೆ ಎಂದುಕೊಳ್ಳಿ. 180 ಕ್ಲಿಕ್ ಒಂದು ಪದದಿಂದ, 60 ಇನ್ನೊಂದರಿಂದ, 60 ಮರೆಯಲ್ಲಿ. ಕ್ಲಿಕ್ಕಿನ ಪ್ರಮಾಣದಲ್ಲಿ ಆರ್ಡರ್ ಹಂಚಿ, ಮೊದಲ ಪದಕ್ಕೆ 7.2 ಆರ್ಡರ್ ಎಂದು ಬರೆಯುವ ಆಸೆಯಾಗುತ್ತದೆ. ಆ ಸಂಖ್ಯೆಗೆ ಆಧಾರವಿಲ್ಲ. 180 ಜನ ವಸ್ತು ಯಾವುದೆಂದು ತಿಳಿಯಲಷ್ಟೇ ಬಂದು, 60 ಜನ ಬೆಲೆ ಹುಡುಕಿ ಬಂದಿದ್ದರೆ, ಹನ್ನೆರಡಕ್ಕೆ ಹನ್ನೆರಡೂ ಎರಡನೇ ಗುಂಪಿನದೇ ಇರಬಹುದು.

ಇದಕ್ಕೆ ಪರಿಹಾರ ಪುಟಗಳ ರಚನೆಯಲ್ಲೇ ಇದೆ. ವಿವರ ಕೇಳುವವರಿಗೆ ಒಂದು ಪುಟ, ಕೊಳ್ಳಲು ಬಂದವರಿಗೆ ಇನ್ನೊಂದು ಪುಟ ಇದ್ದರೆ ಗೂಗಲ್ ಸಾಮಾನ್ಯವಾಗಿ ಆಯಾ ಹುಡುಕಾಟಕ್ಕೆ ಆಯಾ ಪುಟವನ್ನು ಮುಂದಿಡುತ್ತದೆ. ಆಗ ಪುಟದ ಆರ್ಡರ್ ಎಣಿಸಿದರೆ ಉದ್ದೇಶದ ಆರ್ಡರ್ ಎಣಿಸಿದಂತೆಯೇ. ಪದ ಮರೆಯಾದರೂ ತೊಂದರೆಯಿಲ್ಲ. ಹಾಗೆಂದು ಒಂದೇ ಮಾತಿಗೆ ಹತ್ತು ಪುಟ ಮಾಡಿದರೆ ಅವು ಒಂದಕ್ಕೊಂದು ಅಡ್ಡ ಬರುತ್ತವೆ. ಬೇರ್ಪಡಿಸಬೇಕಾದ್ದು ಉದ್ದೇಶವನ್ನು, ಕಾಗುಣಿತವನ್ನಲ್ಲ.

ಜಾಹೀರಾತು ಕೊಡುವವರಿಗೆ ಗೂಗಲ್ ಆ್ಯಡ್ಸ್‌ನ ‘ಸರ್ಚ್ ಟರ್ಮ್ಸ್’ ವರದಿಯಲ್ಲಿ ಪದ ಮತ್ತು ಆರ್ಡರ್ ಇಂದಿಗೂ ಒಟ್ಟಿಗೆ ಸಿಗುತ್ತವೆ. ಆದರೆ 2020ರ ಸೆಪ್ಟೆಂಬರ್‌ನಿಂದ ಅಲ್ಲಿಯೂ ಕಡಿಮೆ ಜನ ಹುಡುಕಿದ ಪದಗಳನ್ನು ಬಿಡುತ್ತಿದ್ದಾರೆ.

ನಿಮ್ಮದೇ ಸೈಟಿನ ಹುಡುಕುಪೆಟ್ಟಿಗೆಯನ್ನು ಮರೆಯಬೇಡಿ. ಅಲ್ಲಿ ಬರೆದದ್ದು ನಿಮಗೆ ಪೂರ್ತಿ ಕಾಣುತ್ತದೆ, ಆರ್ಡರ್ ಜೊತೆ ಜೋಡಿಸಲೂ ಬರುತ್ತದೆ. ಜಿಎ4ರ ಎನ್‌ಹಾನ್ಸ್‌ಡ್ ಮೆಷರ್‌ಮೆಂಟ್‌ನಲ್ಲಿ ‘ಸೈಟ್ ಸರ್ಚ್’ ಚಾಲೂ ಮಾಡಿ, ನಿಮ್ಮ ಫಲಿತಾಂಶ ಪುಟದ ವಿಳಾಸದಲ್ಲಿ ಪದ ಯಾವ ಪ್ಯಾರಾಮೀಟರ್‌ನಲ್ಲಿ (ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಹೆಸರು) ಬರುತ್ತದೆಂದು ನೋಡಿ ಅದನ್ನು ಸೇರಿಸಿ. ಜನ ಅಲ್ಲಿ ಫೋನ್ ನಂಬರ್, ಇಮೇಲ್ ಕೂಡ ಟೈಪ್ ಮಾಡುವುದುಂಟು. ಅಂಥವನ್ನು ಅನಲಿಟಿಕ್ಸ್‌ಗೆ ಕಳಿಸುವ ಮೊದಲೇ ಸೋಸಿ ತೆಗೆಯಿರಿ. ವೈಯಕ್ತಿಕ ಗುರುತಿನ ಮಾಹಿತಿ ಕಳಿಸುವುದನ್ನು ಗೂಗಲ್‌ನ ನಿಯಮವೇ ನಿಷೇಧಿಸುತ್ತದೆ.

ಪ್ರಶ್ನೆ: ಇದ್ದಕ್ಕಿದ್ದಂತೆ ‘ಡೈರೆಕ್ಟ್’ ಭೇಟಿಗಳು ಹೆಚ್ಚಾಗಿವೆ. ಅವರು ನಿಜಕ್ಕೂ ವಿಳಾಸ ಟೈಪ್ ಮಾಡಿ ಬಂದವರೇ? ನಮ್ಮ ಸರ್ವರ್‌ನಲ್ಲಿ ರೆಫರರ್ ಪಾಲಿಸಿ (ರೆಫರರ್ ಎಷ್ಟು ಕಳಿಸಬೇಕೆಂಬ ನೀತಿ) ಬದಲಿಸಿದರೆ ಮೂಲ ತಿಳಿಯುತ್ತದೆಯೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ನಿಮ್ಮ ಸರ್ವರ್‌ನ ರೆಫರರ್ ಪಾಲಿಸಿ ನಿಮ್ಮಿಂದ ಹೊರಗೆ ಹೋಗುವ ಲಿಂಕ್‌ಗಳಿಗೆ ಮಾತ್ರ ಅನ್ವಯ. ನಿಮ್ಮಲ್ಲಿಗೆ ಬರುವವರ ರೆಫರರ್ ಎಷ್ಟಿರಬೇಕೆಂದು ನಿರ್ಧರಿಸುವುದು ಅವರನ್ನು ಕಳಿಸಿದ ಸೈಟ್ ಮತ್ತು ಬ್ರೌಸರ್.

ಡೈರೆಕ್ಟ್ ಎಂದರೆ ‘ಮೂಲ ತಿಳಿದಿಲ್ಲ’ ಎಂದೇ ಓದಿಕೊಳ್ಳಿ. ಆ ಭೇಟಿಗಳನ್ನು ಲ್ಯಾಂಡಿಂಗ್ ಪುಟದ ಪ್ರಕಾರ ವಿಂಗಡಿಸಿ. ಮುಖಪುಟಕ್ಕೆ ಬಂದವರು ನಿಜವಾಗಿ ವಿಳಾಸ ಬರೆದು ಅಥವಾ ಬುಕ್‌ಮಾರ್ಕ್‌ನಿಂದ ಬಂದಿರಬಹುದು. ಉದ್ದನೆಯ ವಿಳಾಸವಿರುವ ಒಳಪುಟಕ್ಕೆ ನೂರಾರು ಜನ ಹೊಸಬರು ನೇರ ಬಂದಿದ್ದರೆ, ದಾರಿಯಲ್ಲಿ ರೆಫರರ್ ಕಳೆದುಹೋಗಿದೆ. ಮೆಸೇಜಿಂಗ್ ಆ್ಯಪ್‌ಗಳು, ಇಮೇಲ್, ಪಿಡಿಎಫ್ ಒಳಗಿನ ಲಿಂಕ್‌ಗಳು, ‘ನೋರೆಫರರ್’ (ರೆಫರರ್ ಕಳಿಸಬೇಡ) ಗುರುತು ಇರುವ ಲಿಂಕ್‌ಗಳು ಇದಕ್ಕೆ ಸಾಮಾನ್ಯ ಕಾರಣ. ನಿಮ್ಮ ಸೈಟ್ ಇನ್ನೂ ಎಚ್‌ಟಿಟಿಪಿಯಲ್ಲೇ ಇದ್ದರೆ ಎಚ್‌ಟಿಟಿಪಿಎಸ್ ಸೈಟ್‌ಗಳಿಂದ ಬರುವವರ ರೆಫರರ್ ಸಾಮಾನ್ಯವಾಗಿ ಪೂರ್ತಿ ಇಲ್ಲವಾಗುತ್ತದೆ. ಇದೊಂದು ನಿಮ್ಮ ಕೈಯಲ್ಲಿರುವ ರಿಪೇರಿ.

ಸರ್ಚ್‌ನಿಂದ ಬಂದವರೂ ಡೈರೆಕ್ಟ್‌ಗೆ ಸೇರುತ್ತಿದ್ದಾರೆಯೇ ಎಂದು ಹೀಗೆ ಪರೀಕ್ಷಿಸಿ. ಪ್ರೈವೇಟ್ ವಿಂಡೋದಲ್ಲಿ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಫಲಕ ತೆರೆದು, ಲಾಗ್ ಅಳಿಯದಂತೆ ‘ಪ್ರಿಸರ್ವ್ ಲಾಗ್’ ಗುರುತು ಹಾಕಿ. ಅದೇ ಟ್ಯಾಬ್‌ನಲ್ಲಿ ಹುಡುಕಿ ನಿಮ್ಮ ಲಿಂಕ್ ಒತ್ತಿ. ಮೊದಲ ವಿನಂತಿಯಿಂದ ಕೊನೆಯ ಪುಟದವರೆಗೆ ಪ್ರತಿ ಹೆಜ್ಜೆಯ ರೆಫರರ್ ಸಾಲನ್ನು ಓದಿ. 301 ರೀಡೈರೆಕ್ಟ್‌ನಲ್ಲಿ (ಹಳೆಯ ವಿಳಾಸಕ್ಕೆ ಬಂದವರನ್ನು ಸರ್ವರ್ ತಾನೇ ಹೊಸದಕ್ಕೆ ಕಳಿಸುವುದು) ರೆಫರರ್ ಸಾಮಾನ್ಯವಾಗಿ ಉಳಿಯುತ್ತದೆ. ನಡುವೆ ಪುಟದೊಳಗಿನ ಜಾವಾಸ್ಕ್ರಿಪ್ಟ್ ಅಥವಾ ಮೆಟಾ ರಿಫ್ರೆಶ್ ಆದೇಶದಿಂದ ಪುಟ ಬದಲಾದರೆ ಗೂಗಲ್ ಇರಬೇಕಾದ ಕಡೆ ನಿಮ್ಮದೇ ಸೈಟಿನ ಹೆಸರು ಬಂದು ಕೂರುತ್ತದೆ. ಅಂಥ ರೀಡೈರೆಕ್ಟ್‌ಗಳನ್ನು 301ಕ್ಕೆ ಬದಲಿಸಿ.

ನೀವೇ ಹಂಚುವ ಲಿಂಕ್‌ಗಳಿಗೆ ಯುಟಿಎಂ (ಮೂಲ ತಿಳಿಸಲು ವಿಳಾಸದ ಕೊನೆಗೆ ಸೇರಿಸುವ ಗುರುತು) ಸೋರ್ಸ್, ಮೀಡಿಯಂ, ಕ್ಯಾಂಪೇನ್ ಸೇರಿಸಿ. ಸೈಟಿನೊಳಗಿನ ಲಿಂಕ್‌ಗಳಿಗೆ ಮಾತ್ರ ಬೇಡವೇ ಬೇಡ, ಗೂಗಲ್‌ನಿಂದ ಬಂದವರ ಮೂಲವನ್ನು ಅದು ಅಳಿಸಿ ತನ್ನದನ್ನು ಬರೆಯುತ್ತದೆ.

ಪ್ರಶ್ನೆ: ಐಫೋನ್ ಬಳಸುವವರಲ್ಲಿ ‘ಹೊಸ ಬಳಕೆದಾರರು’ ಅತಿಯಾಗಿ ಕಾಣುತ್ತಾರೆ. ಇದೂ ಗೌಪ್ಯತೆಯ ಪರಿಣಾಮವೇ?

ಹೌದು. 2019ರಿಂದ ಐಫೋನಿನ ಬ್ರೌಸರ್ ಸಫಾರಿ, ಜಾವಾಸ್ಕ್ರಿಪ್ಟ್ ಬರೆದ ಕುಕಿಯನ್ನು (ಬಳಕೆದಾರರನ್ನು ಗುರುತಿಸಲು ಬ್ರೌಸರ್‌ನಲ್ಲಿ ಉಳಿಸುವ ಸಣ್ಣ ದಾಖಲೆ) ಏಳು ದಿನಕ್ಕೆ ಸೀಮಿತಗೊಳಿಸಿದೆ. ಎಂಟನೆಯ ದಿನ ಮರಳಿದ ಹಳೆಯ ಓದುಗರು ಹೊಸಬರೆಂದು ದಾಖಲಾಗುತ್ತಾರೆ. ಸಫಾರಿ ಮತ್ತು ಕ್ರೋಮ್ ಭೇಟಿಗಳನ್ನು ಬೇರೆಬೇರೆ ಇಟ್ಟು ನೋಡಿ. ಒಟ್ಟು ಬಳಕೆದಾರರ ಬದಲು ಸೆಷನ್‌ಗಳ ಏರಿಳಿತವನ್ನು ಹಿಂಬಾಲಿಸುವುದು ಮೇಲು.

ಪ್ರಶ್ನೆ: ಮರೆಯಾದ ಕೀವರ್ಡ್‌ಗಳನ್ನು ಬಿಡಿಸಿ ತೋರಿಸುತ್ತೇವೆ ಎಂದು ಕೆಲವು ಸಾಫ್ಟ್‌ವೇರ್‌ಗಳು ಹೇಳುತ್ತವೆ. ಕೊಳ್ಳಬಹುದೇ?

ಗೂಗಲ್ ಕೊಡದ ಪದ ಅವರಿಗೂ ಸಿಗುವುದಿಲ್ಲ. ಸರ್ಚ್ ಕನ್ಸೋಲ್‌ನ ಪದಗಳನ್ನು ಲ್ಯಾಂಡಿಂಗ್ ಪುಟದ ಸೆಷನ್‌ಗಳ ಮೇಲೆ ಅಂದಾಜಿನಿಂದ ಹಂಚುತ್ತಾರೆ, ಅಂದರೆ ಮೇಲೆ ಹೇಳಿದ 7.2 ಆರ್ಡರ್‌ನಂಥ ಲೆಕ್ಕ. ದುಡಿಮೆ ಉಳಿಯುತ್ತದೆ ಎಂದು ಕೊಳ್ಳಬಹುದು, ಹೊಸ ಸತ್ಯ ಸಿಗುತ್ತದೆ ಎಂದಲ್ಲ. ಯಾರಿಗಾದರೂ ಸರ್ಚ್ ಕನ್ಸೋಲ್ ಪ್ರವೇಶ ಕೊಡುವಾಗ ಓನರ್ ಮಾಡಬೇಡಿ. ವರದಿ ನೋಡಲು ‘ರಿಸ್ಟ್ರಿಕ್ಟೆಡ್’ ಸಾಕು.

ಪ್ರಶ್ನೆ: ಹೋದ ಹಿಂದಿನ ವರ್ಷದ ಅಂಕಿ ಈಗ ಕಾಣಿಸುತ್ತಿಲ್ಲ. ಹಳೆಯ ದತ್ತಾಂಶ ಉಳಿಸಿಕೊಳ್ಳಲು ಏನು ಮಾಡಬೇಕು?

ಸರ್ಚ್ ಕನ್ಸೋಲ್ 16 ತಿಂಗಳಷ್ಟೇ ಇಟ್ಟುಕೊಳ್ಳುತ್ತದೆ. ಅದರಾಚೆಯದು ಮರಳಿ ಬಾರದು. ಜಿಎ4ರ ಎಕ್ಸ್‌ಪ್ಲೊರೇಶನ್‌ಗಳಿಗೆ (ನೀವೇ ಕಟ್ಟಿಕೊಳ್ಳುವ ವರದಿಗಳು) ಬೇಕಾದ ವಿವರ ಮೊದಲ ಹೊಂದಿಕೆಯಲ್ಲಿ ಎರಡು ತಿಂಗಳಿಗೇ ಅಳಿಯುತ್ತದೆ. ಅಡ್ಮಿನ್‌ನ ಡೇಟಾ ರಿಟೆನ್ಶನ್‌ನಲ್ಲಿ ಅದನ್ನು ಇವತ್ತೇ 14 ತಿಂಗಳಿಗೆ ಏರಿಸಿ. ಆಗಲೇ ಅಳಿದದ್ದು ಇದರಿಂದ ಬರುವುದಿಲ್ಲ. ಸಿದ್ಧ ವರದಿಗಳ ಮೊತ್ತಕ್ಕೆ ಈ ಮಿತಿ ತಗಲುವುದಿಲ್ಲ.

ಸಣ್ಣ ಸೈಟಾದರೆ ಪ್ರತಿ ತಿಂಗಳ ಐದನೆಯ ತಾರೀಖಿನ ಹೊತ್ತಿಗೆ ಹಿಂದಿನ ತಿಂಗಳನ್ನು ಆರಿಸಿ ಎಕ್ಸ್‌ಪೋರ್ಟ್ ಮಾಡಿ ಸ್ಪ್ರೆಡ್‌ಶೀಟಿನಲ್ಲಿ ಇಡಿ. ಕ್ವೆರಿ ಮತ್ತು ಪೇಜ್ ಪಟ್ಟಿ ಎರಡೂ ಇರಲಿ, ಮರೆಯಾದ ಪಾಲನ್ನೂ ಒಂದು ಅಂಕಣದಲ್ಲಿ ಬರೆಯಿರಿ. ಪದಗಳು ಸಾವಿರ ಮೀರುವ ಸೈಟಿಗೆ ಎಪಿಐ (ಪ್ರೋಗ್ರಾಂ ಮೂಲಕ ದತ್ತಾಂಶ ಪಡೆಯುವ ದಾರಿ) ಬೇಕು: ಒಂದು ವಿನಂತಿಗೆ ಗರಿಷ್ಠ 25,000 ಸಾಲು ಬರುತ್ತದೆ.

ಇನ್ನೂ ದೊಡ್ಡ ಸೈಟಿಗೆ 2023ರಲ್ಲಿ ಬಂದ ಬಿಗ್‌ಕ್ವೆರಿ (ಗೂಗಲ್‌ನ ದೊಡ್ಡ ದತ್ತಾಂಶ ಸಂಗ್ರಹ ಸೇವೆ) ಎಕ್ಸ್‌ಪೋರ್ಟ್ ಇದೆ. ಗೂಗಲ್ ಕ್ಲೌಡ್ ಪ್ರಾಜೆಕ್ಟ್‌ನಲ್ಲಿ ಬಿಗ್‌ಕ್ವೆರಿ ಚಾಲೂ ಮಾಡಿ, ಸರ್ಚ್ ಕನ್ಸೋಲ್‌ನ ಸೇವಾ ಖಾತೆಗೆ ಬರೆಯುವ ಅನುಮತಿ ಕೊಟ್ಟು, ಸರ್ಚ್ ಕನ್ಸೋಲ್ ಸೆಟ್ಟಿಂಗ್ಸ್‌ನ ‘ಬಲ್ಕ್ ಡೇಟಾ ಎಕ್ಸ್‌ಪೋರ್ಟ್’ನಲ್ಲಿ ಪ್ರಾಜೆಕ್ಟ್ ಗುರುತು ಹಾಕಿ. ಮೊದಲ ಕಂತು 48 ಗಂಟೆಯೊಳಗೆ ಬರುತ್ತದೆ. ಮರೆಯಾದ ಪದಗಳ ಕ್ಲಿಕ್‌ಗಳು ಅಲ್ಲಿ ಪದವಿಲ್ಲದೆ, ಆದರೆ ಪ್ರತ್ಯೇಕ ಗುರುತಿನೊಂದಿಗೆ ಸಿಗುತ್ತವೆ. ಹಾಗಾಗಿ ಫಿಲ್ಟರ್‌ನ ಉಪಾಯ ಬೇಕಾಗುವುದಿಲ್ಲ. ಸೆಟಪ್ ಮಾಡಿದ ದಿನದಿಂದ ಮುಂದಿನದಷ್ಟೇ ಅದಕ್ಕೆ ಸೇರುತ್ತದೆ. ಹಿಂದಿನ 16 ತಿಂಗಳನ್ನು ಎಪಿಐ ಮೂಲಕ ನೀವೇ ಇಳಿಸಿಕೊಳ್ಳಬೇಕು, ಅದೂ ತಡಮಾಡದೆ.